ಬೇಸಿಗೆಯಲ್ಲಿ ಫ್ರಿಜ್ ಸೆನ್ಸರ್ ಪರೀಕ್ಷೆ

ಪ್ರಶ್ನೆ: ನಮ್ಮ ಫ್ರಾಸ್ಟ್ ಫ್ರೀ ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಹಾಲು, ಮೊಸರು ಮಂಜುಗಡ್ಡೆಯಾಗುತ್ತಿವೆ. ಸೆನ್ಸರ್ 10 ಕಿಲೋ ಓಮ್ ತೋರಿಸಬೇಕೆಂದು ಮೆಕ್ಯಾನಿಕ್ ಹೇಳಿದ್ದರು. ಮಧ್ಯಾಹ್ನ ಅದನ್ನು ಬಿಚ್ಚಿ ಹೊರಗಿಟ್ಟು, ಒಂದು ತಾಸಿನ ನಂತರ ಮಲ್ಟಿಮೀಟರ್ ಹಚ್ಚಿದರೆ 6.6 ಬಂತು. ಸೆನ್ಸರ್ ಕೆಟ್ಟಿದೆಯೇ?
— ಓದುಗರೊಬ್ಬರು, ಬೆಟಗೇರಿ

ಉತ್ತರ: ಅಷ್ಟರಿಂದಲೇ ಕೆಟ್ಟಿದೆ ಎನ್ನಲಾಗದು, ದಯವಿಟ್ಟು ಈಗಲೇ ಹೊಸದನ್ನು ಕೊಳ್ಳಬೇಡಿ. ಈ ಸೆನ್ಸರ್ ಒಂದು ಥರ್ಮಿಸ್ಟರ್, ಅಂದರೆ ಖಾನೆ ಎಷ್ಟು ತಂಪಾಗಿದೆ ಎಂದು ತಿಳಿಸುವ ಬಿಡಿಭಾಗ. ಬಿಸಿ ಏರಿದಂತೆ ಅದರ ರೋಧ (ಕರೆಂಟಿಗೆ ಒಡ್ಡುವ ಅಡ್ಡಿ, ಓಮ್‌ನಲ್ಲಿ ಅಳೆಯುವುದು ಇದನ್ನೇ) ಇಳಿಯುತ್ತದೆ, ತಂಪಾದಂತೆ ಏರುತ್ತದೆ. 10 ಕಿಲೋ ಓಮ್ ಎಂಬುದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಲೆಕ್ಕ. ಗದಗ ಸೀಮೆಯ ಬೇಸಿಗೆ ಮಧ್ಯಾಹ್ನದಲ್ಲಿ ಮನೆಯೊಳಗೇ 35 ಡಿಗ್ರಿ ಇದ್ದರೆ, ಅಂಥ ಸೆನ್ಸರ್ 6.5ರಿಂದ 7 ಕಿಲೋ ಓಮ್ ತೋರಿಸುವುದೇ ಸರಿ. ಎಷ್ಟು ಡಿಗ್ರಿಯಲ್ಲಿ ಅಳೆದಿರಿ ಎಂಬುದು ಗೊತ್ತಿಲ್ಲದಿದ್ದರೆ ಮೀಟರಿನ ಅಂಕಿಗೆ ಅರ್ಥವಿಲ್ಲ.

ನಂಬಬಹುದಾದ ಪರೀಕ್ಷೆ ಮಂಜುಗಡ್ಡೆಯದು. ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಹೊಯ್ದು ಕಲಕಿದರೆ ಅದು 0 ಡಿಗ್ರಿಗೆ ನಿಲ್ಲುತ್ತದೆ. ವೈರಿನ ತುದಿಗಳು ನೆನೆಯದಂತೆ ಸೆನ್ಸರ್‌ನ ತಲೆಯನ್ನಷ್ಟೇ ಅದರಲ್ಲಿ ಮುಳುಗಿಸಿ, ಐದು ನಿಮಿಷ ಬಿಟ್ಟು, ಮೀಟರನ್ನು 200 ಕಿಲೋ ಓಮ್‌ಗೆ ತಿರುಗಿಸಿ ನೋಡಿರಿ. 20ರಲ್ಲೇ ಇಟ್ಟರೆ ಅಂಕಿ ಮಿತಿ ಮೀರಿ ಬರೀ 1 ಕಾಣಿಸುತ್ತದೆ. ಸೆನ್ಸರ್ ಕಡಿದುಹೋಗಿದೆ ಎಂದು ಅನೇಕರು ಮೋಸಹೋಗುವುದು ಇಲ್ಲಿಯೇ. 27ರಿಂದ 33ರೊಳಗೆ ಬಂದು ಸ್ಥಿರವಾಗಿ ನಿಂತರೆ ಸೆನ್ಸರ್ ಚೆನ್ನಾಗಿದೆ. ಅದಕ್ಕಿಂತ ಬಹಳ ಕಡಿಮೆ ಬಂದರೆ ಅಥವಾ ಅಂಕಿ ಜಿಗಿಯುತ್ತಿದ್ದರೆ ಒಳಗೆ ತೇವ ಸೇರಿರಬಹುದು: ಆಗ ಖಾನೆ ಇನ್ನೂ ಬೆಚ್ಚಗಿದೆ ಎಂದು ಫ್ರಿಜ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ತಿಳಿದು, ಕಂಪ್ರೆಸರ್ ಓಡಿಸುತ್ತಲೇ ಇರುತ್ತದೆ, ಹಾಲು ಗಟ್ಟಿಯಾಗುತ್ತದೆ. 25 ಡಿಗ್ರಿಯಲ್ಲಿ 5 ಕಿಲೋ ಓಮ್ ಇರುವ ಸೆನ್ಸರ್‌ಗಳೂ ಉಂಟು. ಅವು ಐಸ್‌ನಲ್ಲಿ 16ರ ಆಸುಪಾಸು ತೋರಿಸುತ್ತವೆ.

ಅಳೆಯುವಾಗ ಫ್ರಿಜ್‌ನ ಪ್ಲಗ್ ಕಿತ್ತಿರಬೇಕು, ಸೆನ್ಸರ್‌ನ ಕನೆಕ್ಟರ್ ಬೋರ್ಡಿನಿಂದ ಬೇರೆಯಾಗಿರಬೇಕು. ಪ್ರೋಬ್‌ಗಳ ಲೋಹದ ತುದಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿಯಬೇಡಿ. ಬೆವರಿದ ಬೆರಳುಗಳ ಮೂಲಕವೂ ಕರೆಂಟ್ ಹರಿದು ಅಂಕಿ ಇಳಿಯುತ್ತದೆ.

ಸೆನ್ಸರ್ ಸರಿಯಿದ್ದರೆ, ಬೋರ್ಡನ್ನು ಶಂಕಿಸುವ ಮೊದಲು ಕನೆಕ್ಟರ್‌ನ ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯೇ ನೋಡಿರಿ. ಫ್ರೀಜರ್‌ನಿಂದ ಕೆಳಗೆ ತಂಪು ಗಾಳಿ ಬಿಡುವ ಕಿಂಡಿಯ ಮುಚ್ಚಳ, ಅಂದರೆ ಡ್ಯಾಂಪರ್, ತೆರೆದೇ ಉಳಿದಿದ್ದರೂ ಕೆಳಗಿನ ಹಾಲು ಹೀಗೆಯೇ ಮಂಜುಗಟ್ಟುತ್ತದೆ.