ಮಗ ಬಿಳಿ ಹಾಲು ಮುಟ್ಟುವುದಿಲ್ಲ. ಚಾಕೊಲೇಟ್ ಹಾಲಿನಲ್ಲೂ ಅಷ್ಟೇ ಪೋಷಕಾಂಶ ಇದೆಯೇ? ಯಾವ ಕಂಪನಿಯದು ಒಳ್ಳೆಯದು?

ನಿಮ್ಮ ಪ್ರಶ್ನೆಯ ವಿವರ ಓದಿದೆ: ಆರು ವರ್ಷದ ಹುಡುಗ, ಚಾಕೊಲೇಟ್ ಹಾಲಾದರೆ ಎಷ್ಟು ಕೊಟ್ಟರೂ ಕುಡಿಯುತ್ತಾನೆ, ಊಟ ಅಷ್ಟಕ್ಕಷ್ಟೆ, ಡಾಕ್ಟರು ರಕ್ತ ಕಡಿಮೆ ಅಂದಿದ್ದಾರೆ. ಓದುತ್ತಾ ಓದುತ್ತಾ ಇದನ್ನು ನಾನೇ ಯಾವಾಗಲೋ ಬರೆದು ಮರೆತೆನಾ ಅನ್ನಿಸಿತು. ರಕ್ತ ಕಡಿಮೆ ಅನ್ನುವ ಆ ಕೊನೆಯ ಮಾತು ನೀವು ಆವರಣದೊಳಗೆ ಹಾಕಿದ್ದೀರಿ. ನನಗೆ ಕಂಡದ್ದು ಅದೊಂದೇ.

ನಾವಿರುವುದು ಕೊಡಗಿನ ಗೋಣಿಕೊಪ್ಪದ ಹತ್ತಿರ. ಮನೆಯವರು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ಕಾಫಿ ಕುಯ್ಯುವ ಕಾಲದಲ್ಲಿ ನಾನೂ ಬೆಳಗ್ಗೆಯೇ ಕಣಕ್ಕೆ ಹೋಗಬೇಕು. ಆಗ ಚಿಕ್ಕವನಿದ್ದ ನನ್ನ ಮಗನಿಗೆ ಅಕ್ಕಿ ರೊಟ್ಟಿ ತಿನ್ನಿಸಲು ಅರ್ಧ ಗಂಟೆ, ಚಾಕೊಲೇಟ್ ಹಾಲಿಗೆ ಒಂದು ನಿಮಿಷ. ಯಾವುದು ಗೆದ್ದಿತು ಅಂತ ಹೇಳಬೇಕಾಗಿಲ್ಲ. ಬೆಳಗ್ಗೆ ಒಂದು ಲೋಟ, ಶಾಲೆಯಿಂದ ಬಂದಮೇಲೆ ಒಂದು, ರಾತ್ರಿ ಅನ್ನ ಬೇಡ ಅಂದರೆ ಇನ್ನೊಂದು. ಸ್ಟೀಲಿನ ದೊಡ್ಡ ಲೋಟ.

ಪೋಷಕಾಂಶದ ಲೆಕ್ಕ ಆಗಲೂ ಸರಿಯಾಗಿಯೇ ಇತ್ತು, ನೋಡಿ. 200 ಮಿ.ಲೀ. ಹಾಲಿನಲ್ಲಿ ಆರು ಗ್ರಾಂ ಮೇಲೆ ಪ್ರೋಟೀನ್, 200 ಮಿ.ಗ್ರಾಂ ಮೇಲೆ ಕ್ಯಾಲ್ಸಿಯಂ. ಕೋಕೋ ಬೆರೆಸಿದರೆ ಅವೆಲ್ಲಿಗೂ ಓಡಿಹೋಗುವುದಿಲ್ಲ. ಕೋಕೋದಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಎಲ್ಲ ಹಿಡಿದುಕೊಳ್ಳುತ್ತದೆ ಅಂತ ಹೆದರಿಸುವವರಿದ್ದಾರೆ. ಹಿಡಿಯುವುದು ಸ್ವಲ್ಪವೇ, ತಲೆಕೆಡಿಸಿಕೊಳ್ಳುವಷ್ಟಿಲ್ಲ. ಹೆಚ್ಚಾಗುವುದು ಸಕ್ಕರೆ. ಅಂಗಡಿಯ ಬಾಟಲಿಯಲ್ಲಿ ಹಾಲಿನ ಸ್ವಂತ ಸಕ್ಕರೆ ಬಿಟ್ಟು ಎರಡು ಮೂರು ಚಮಚ ಹೊರಗಿನ ಸಕ್ಕರೆ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಇಂಥ ಸೇರಿಸಿದ ಸಕ್ಕರೆ ದಿನದ ಶಕ್ತಿಯ ಶೇ 10 ದಾಟಬಾರದು, ಶೇ 5ರೊಳಗೆ ನಿಂತರೆ ಇನ್ನೂ ಒಳ್ಳೆಯದು ಅಂತ. 1400 ಕ್ಯಾಲೊರಿ ತಿನ್ನುವ ಮಗುವಿಗೆ ಆ ಶೇ 5 ಅಂದರೆ 17 ಗ್ರಾಂ ಚಿಲ್ಲರೆ. ಎರಡು ಲೋಟಕ್ಕೆ ಮುಗಿಯಿತು.

ಆದರೆ ನನ್ನನ್ನು ಮೈಸೂರಿನವರೆಗೆ ಅಲೆಸಿದ್ದು ಸಕ್ಕರೆ ಅಲ್ಲ.

ಆಟದಲ್ಲಿ ಬೇಗ ಸುಸ್ತಾಗುತ್ತಾನೆ ಅಂತ ಕರೆದುಕೊಂಡು ಹೋದರೆ ಹಿಮೋಗ್ಲೋಬಿನ್ 9 ಚಿಲ್ಲರೆ ಬಂತು. ಆ ವಯಸ್ಸಿಗೆ 11.5 ಆದರೂ ಇರಬೇಕು. ಕಬ್ಬಿಣದ ಸಿರಪ್ ಬರೆದುಕೊಟ್ಟರು. ಆ ಸಿರಪ್ ನೀವು ನೆಕ್ಕಿ ನೋಡಿದ್ದೀರೋ ಇಲ್ಲವೋ, ತುಕ್ಕು ಹಿಡಿದ ಮೊಳೆ ಬಾಯಿಗೆ ಹಾಕಿಕೊಂಡ ಹಾಗಿರುತ್ತದೆ. ಮೊದಲ ದಿನವೇ ನನ್ನ ಸೀರೆ ಮೇಲೆ ಉಗಿದ. ಮಾರನೇ ದಿನ ನಾನು ಅದನ್ನು ಚಾಕೊಲೇಟ್ ಹಾಲಿಗೆ ಸುರಿದು ಕದಡಿಬಿಟ್ಟೆ. ಬಣ್ಣ ಅದೇ, ರುಚಿಯೂ ಮುಚ್ಚಿಹೋಯಿತು, ಗೊತ್ತಾಗದೆ ಕುಡಿದ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಅಕ್ಕಪಕ್ಕದವರಿಗೂ ಹೇಳಿಕೊಟ್ಟೆ.

ಅದರಲ್ಲಿ ಏನೇನು ಕೆಟ್ಟಿತು ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಕರುಳು ಹೀರದಂತೆ ತಡೆಯುತ್ತದೆ. ಹಾಲಿನ ಕೇಸಿನ್ ಪ್ರೋಟೀನ್ ಕೂಡ ಅದೇ ಕೆಲಸ ಮಾಡುತ್ತದೆ. ಅದು ಸಾಲದೆಂದು ಕೋಕೋದಲ್ಲಿ ಪಾಲಿಫಿನಾಲ್ ಇದೆ, ಚಹಾದಲ್ಲಿರುವ ಒಗರಿನ ಜಾತಿಯದೇ, ಅದು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಔಷಧಿ ವ್ಯರ್ಥವಾಗಲಿ ಅಂತಲೇ ಯಾರಾದರೂ ಕೂತು ಯೋಚಿಸಿದ್ದರೂ ಇದಕ್ಕಿಂತ ಒಳ್ಳೆಯ ಪಾನೀಯ ಸಿಗುತ್ತಿರಲಿಲ್ಲ. ಅವನು ಲೋಟದ ತಳದಲ್ಲಿ ಎರಡು ಗುಟುಕು ಬಿಡುತ್ತಿದ್ದ. ಅಲ್ಲಿಗೆ ಡೋಸೂ ಪೂರ್ತಿ ಹೋಗುತ್ತಿರಲಿಲ್ಲ. ಮೂರು ಲೋಟ ಹಾಲು ಹೊಟ್ಟೆಯಲ್ಲಿದ್ದರೆ ಊಟಕ್ಕೆ ಜಾಗವೆಲ್ಲಿ? ಆ ವಯಸ್ಸಿನ ಮಗುವಿಗೆ ದಿನಕ್ಕೆ ಹತ್ತು ಮಿ.ಗ್ರಾಂ ಆಸುಪಾಸು ಕಬ್ಬಿಣ ಬೇಕು, ಹಾಲಿನಲ್ಲಿ ಅದು ಇಲ್ಲವೆಂದೇ ಇಟ್ಟುಕೊಳ್ಳಿ.

ಮುಂದಿನ ಪರೀಕ್ಷೆಯಲ್ಲೂ ರಕ್ತ ಏರಲಿಲ್ಲ. ಡೋಸ್ ಹೆಚ್ಚಿಸಿದರು, ಮಲಬದ್ಧತೆ ಆಯಿತು. ಜಂತುಹುಳದ ಮಾತ್ರೆ ಕೊಟ್ಟರು. ಆಮೇಲೆ ತಲಸ್ಸೇಮಿಯಾ, ಅಂದರೆ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ, ಇರಬಹುದೇ ಅಂತ ಮೈಸೂರಿಗೆ ಕಳಿಸಿದರು. ಆ ಹೆಸರು ಕೇಳಿ ನಮ್ಮ ಅತ್ತೆ ಇಗ್ಗುತಪ್ಪ ದೇವರಿಗೆ ಹರಕೆ ಹೊತ್ತರು. ಮೈಸೂರಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ರಿಪೋರ್ಟ್ ಪಕ್ಕಕ್ಕಿಟ್ಟು, “ಸಿರಪ್ ಯಾವುದರ ಜೊತೆ ಕೊಡ್ತೀರಮ್ಮಾ?” ಅಂದರು. ಹೇಳಿದೆ. ಪೆನ್ನು ಕೆಳಗಿಟ್ಟುಬಿಟ್ಟರು. ಅಷ್ಟು ದಿನ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಎಲ್ಲರ ಮನೆಯಲ್ಲೂ ಹೀಗೇ ಕೊಡುತ್ತಾರೆ ಅಂದುಕೊಂಡಿದ್ದೆ.

ಆಮೇಲೆ ಅವರು ಹೇಳಿದ ಹಾಗೆ ಹಾಲಿಗೂ ಸಿರಪ್‌ಗೂ ಎರಡು ಗಂಟೆ ಅಂತರ. ಸಿರಪ್ ಆದಮೇಲೆ ಕಿತ್ತಳೆ ರಸ, ಕಿತ್ತಳೆ ಇಲ್ಲದ ಕಾಲದಲ್ಲಿ ನಿಂಬೆ ಶರಬತ್ತು. ಸಿ ವಿಟಮಿನ್ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಹಾಲು ದಿನಕ್ಕೆ ಒಂದೇ ಲೋಟ, ಸಂಜೆ. ಮೊದಲ ವಾರ ಮನೆಯಲ್ಲಿ ಕುರುಕ್ಷೇತ್ರ. ಆಮೇಲೆ ತಾನಾಗಿ ಹಸಿವು ಬಂತು: ರೊಟ್ಟಿ, ಮೊಟ್ಟೆ, ಹುರುಳಿ ಸಾರು, ಭಾನುವಾರ ಪಂದಿ ಕರಿ. ಮಳೆಗಾಲ ಮುಗಿಯುವಷ್ಟರಲ್ಲಿ ರಕ್ತ ಹನ್ನೊಂದೂವರೆ ದಾಟಿತು. ಇನ್ನೊಂದು ಮಾತು, ನಮ್ಮ ಕಡೆ ಮಕ್ಕಳಿಗೂ ಬೆಲ್ಲದ ಕಾಫಿ ಕೊಡುವ ರೂಢಿ ಇದೆ. ಊಟದ ಜೊತೆ ಅದೂ ಕಬ್ಬಿಣಕ್ಕೆ ಅಡ್ಡಗಾಲು. ಬೆಲ್ಲದಲ್ಲಿ ಕಬ್ಬಿಣ ಇದೆಯಲ್ಲಾ ಅಂತ ಅತ್ತೆ ಇವತ್ತಿಗೂ ವಾದ ಮಾಡುತ್ತಾರೆ.

ಅದಕ್ಕೇ “ಬಿಳಿ ಹಾಲಿನಷ್ಟೇ ಪೋಷಕಾಂಶ ಇದೆಯೇ” ಅನ್ನುವ ಪ್ರಶ್ನೆಯನ್ನೇ ಬಿಡಿ ಅನ್ನುತ್ತೇನೆ. ಇದೆ. ಅದರಿಂದ ನಿಮಗೇನೂ ಸಿಗುವುದಿಲ್ಲ. ಆ ಲೋಟ ಯಾವ ಊಟವನ್ನು ತಳ್ಳಿಹಾಕುತ್ತಿದೆ, ಯಾವ ಔಷಧಿಯ ಪಕ್ಕದಲ್ಲಿ ಕೂತಿದೆ, ಅದನ್ನು ನೋಡಿ. ಮಗು ಹಾಲು ಕುಡಿಯಲೇಬೇಕು ಅನ್ನುವ ಹಠವೂ ನನಗೆ ಈಗ ಇಲ್ಲ. ಕರ್ನಾಟಕದ ಮೊದಲ ಸಹಕಾರಿ ಡೇರಿ 1955ರಲ್ಲಿ ಶುರುವಾದ ಕೂಡಿಗೆ ನಮ್ಮ ಜಿಲ್ಲೆಯಲ್ಲೇ ಇದೆ, ಹಾಲಿನ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ನೂರು ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ, ಮೊಸರಿದೆ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿದೆ. ತಮಾಷೆ ಏನೆಂದರೆ ಮನೆಯಲ್ಲಿ ಬಿಳಿ ಹಾಲು ಕಂಡರೆ ವಾಂತಿ ನಾಟಕ ಮಾಡುತ್ತಿದ್ದ ನನ್ನ ಮಗ ಶಾಲೆಯಲ್ಲಿ ಕ್ಷೀರಭಾಗ್ಯದ ಬಿಳಿ ಹಾಲನ್ನು ಸಾಲಿನಲ್ಲಿ ಕೂತು ಖಾಲಿ ಮಾಡುತ್ತಿದ್ದನಂತೆ. ಟೀಚರ್ ಹೇಳಿದಾಗ ನಂಬಲಿಲ್ಲ. ನಿಮ್ಮವನದೂ ಒಮ್ಮೆ ಶಾಲೆಯಲ್ಲಿ ವಿಚಾರಿಸಿ.

ಚಾಕೊಲೇಟ್ ಹಾಲು ವಿಷ ಅಂತ ನಾನು ಹೇಳುತ್ತಿಲ್ಲ. ನನ್ನ ಮಗ ಈಗ ಹೈಸ್ಕೂಲು, ಹಾಕಿ ಆಡುತ್ತಾನೆ (ಕೊಡಗಿನಲ್ಲಿ ಇದು ಹೇಳುವ ಸಂಗತಿಯೂ ಅಲ್ಲ). ಮೈದಾನದಿಂದ ಬಂದಾಗ ನಾನೇ ಮಾಡಿಕೊಡುತ್ತೇನೆ: ಸಕ್ಕರೆ ಇಲ್ಲದ ಕೋಕೋ ಒಂದು ಚಮಚ, ಸಕ್ಕರೆ ಒಂದು ಚಮಚ, ಬಿಸಿ ಹಾಲು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 2006ರಲ್ಲಿ ಒಂಬತ್ತು ಸೈಕಲ್ ಸವಾರರ ಮೇಲೆ ಪರೀಕ್ಷೆ ಮಾಡಿ, ಸುಸ್ತಾದಮೇಲೆ ಚೇತರಿಸಿಕೊಳ್ಳಲು ಚಾಕೊಲೇಟ್ ಹಾಲೂ ಒಳ್ಳೆಯದೇ ಅಂತ ಕಂಡುಕೊಂಡರು. ಅವರು ಸುಸ್ತಾಗುವವರೆಗೆ ಪೆಡಲ್ ತುಳಿದವರು, ಟಿವಿ ಮುಂದೆ ಕೂತ ಆರು ವರ್ಷದವರಲ್ಲ.

ಕಂಪನಿ ಹೆಸರು ನಾನು ಹೇಳುವುದಿಲ್ಲ. ಡಬ್ಬಿಯ ಮೇಲೆ “ಆರೋಗ್ಯ ಪೇಯ” ಅಂತ ಇದ್ದರೆ ನಂಬಬೇಡಿ. ನಮ್ಮ ಆಹಾರ ಕಾನೂನಿನಲ್ಲಿ ಹಾಗೊಂದು ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಇಂಥ ಪೇಯಗಳನ್ನು ಆ ಹೆಸರಿನ ಪಟ್ಟಿಯಿಂದ ತೆಗೆಯಲು ಹೇಳಿತು. ಬಾಟಲಿ ತಿರುಗಿಸಿ “ಸೇರಿಸಿದ ಸಕ್ಕರೆ” ಎಷ್ಟು ಅಂತ ನೋಡಿ. ಪುಡಿಯ ಡಬ್ಬಿಯಾದರೆ, ಅದರ ಮೇಲೆ ಬೀಗುವ ಪ್ರೋಟೀನ್ ಲೆಕ್ಕದಲ್ಲಿ ನೀವು ಬೆರೆಸುವ ಹಾಲಿನದೂ ಸೇರಿದೆಯಾ ಅಂತಲೂ ನೋಡಿ.

ನಿಮ್ಮ ಹುಡುಗನಿಗೆ ಸಿರಪ್ ಬರೆದುಕೊಟ್ಟಿದ್ದಾರಾ, ಕೊಟ್ಟಿದ್ದರೆ ಯಾವಾಗ, ಯಾವುದರ ಜೊತೆ ಕುಡಿಸುತ್ತೀರಿ, ಮಧ್ಯಾಹ್ನ ಏನು ತಿನ್ನುತ್ತಾನೆ, ಇದೊಂದೂ ಪ್ರಶ್ನೆಯಲ್ಲಿಲ್ಲ. ಕೆಳಗೆ ಬರೆಯಿರಿ. ಅದಕ್ಕೂ ಮೊದಲು ಡಾಕ್ಟರಿಗೆ ಹೇಳಿ.