ಬೆವರಿನಿಂದ ಶುಗರ್ ಹೇಳುವ ವಾಚು: ಅಮ್ಮನಿಗೆ ತರಬಹುದಾ?

ಸೂಜಿ ಚುಚ್ಚದೆ ಬೆವರಿನಿಂದಲೇ ಶುಗರ್ ಹೇಳುವ ವಾಚು ಎರಡು ಸಾವಿರಕ್ಕೆ ಸಿಗುತ್ತದೆ, ಅಮ್ಮನಿಗೆ ತರಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ. ಆ ದುಡ್ಡಿಗೆ ಬೆರಳು ಚುಚ್ಚಿ ರಕ್ತದ ಶುಗರ್ ನೋಡುವ ಒಳ್ಳೆಯ ಗ್ಲೂಕೋಮೀಟರ್, ಜೊತೆಗೆ ಸ್ಟ್ರಿಪ್ ಬರುತ್ತದೆ.

ಬೆವರಿನಲ್ಲಿ ಗ್ಲೂಕೋಸ್ ಇರುವುದು ಸುಳ್ಳಲ್ಲ. ಆದರೆ ರಕ್ತದಲ್ಲಿ ಇರುವುದರ ಮುಂದೆ ತೀರಾ ಕಮ್ಮಿ, ಸಾಲದ್ದಕ್ಕೆ ಚರ್ಮದ ಮೇಲೆ ಮೊದಲೇ ಇದ್ದದ್ದೂ ಅದಕ್ಕೆ ಸೇರಿಕೊಳ್ಳುತ್ತದೆ. ಕಣ್ಣೀರಿನಿಂದ ಶುಗರ್ ಅಳೆಯುವ ಲೆನ್ಸ್ ಮಾಡುತ್ತೇವೆ ಅಂತ ಗೂಗಲ್‌ನವರು 2014ರಲ್ಲಿ ಹೊರಟಿದ್ದರು, ರಕ್ತದ ಲೆಕ್ಕಕ್ಕೂ ಕಣ್ಣೀರಿನ ಲೆಕ್ಕಕ್ಕೂ ತಾಳೆಯಾಗದೆ 2018ರಲ್ಲಿ ಕೈಬಿಟ್ಟರು. ಚುಚ್ಚದೆ ಶುಗರ್ ತೋರಿಸುವ ಯಾವ ವಾಚಿಗೂ ಉಂಗುರಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು.

ನಿಜವಾಗಿ ಕೆಲಸ ಮಾಡುವುದು ತೋಳಿನ ಹಿಂದೆ ಅಂಟಿಸುವ ಬಿಲ್ಲೆ, ಸಿಜಿಎಂ ಅನ್ನುತ್ತಾರೆ. ಹಗಲೂ ರಾತ್ರಿ ಶುಗರ್ ನೋಡುತ್ತಾ ಫೋನಿಗೆ ತಿಳಿಸುತ್ತಿರುತ್ತದೆ. ನಮ್ಮದು ಬದಿಯಡ್ಕದ ಹತ್ತಿರ, ಅಡಿಕೆ ತೋಟ. ಅಪ್ಪನಿಗೆ ಮಂಗಳೂರಿನಲ್ಲಿ ಹಾಕಿಸಿದೆವು. ಅವರು ಅದಕ್ಕೆ ಇಟ್ಟ ಹೆಸರು ಉಣ್ಣಿ! ಕೂದಲಿನಷ್ಟು ಸಪೂರದ ಎಳೆಯೊಂದು ಚರ್ಮದೊಳಗೆ ಇರುತ್ತದೆ, 14 ದಿನ ಬರುತ್ತದೆ. ಅದೂ ರಕ್ತ ನೋಡುವುದಿಲ್ಲ, ಜೀವಕೋಶಗಳ ನಡುವಿನ ನೀರಿನಲ್ಲಿ ಗ್ಲೂಕೋಸ್ ಎಷ್ಟು ಅಂತ ನೋಡುತ್ತದೆ. ರಕ್ತದಲ್ಲಿ ಏರಿದ್ದು ಅಲ್ಲಿಗೆ ಮುಟ್ಟಲು ಐದು ಹತ್ತು ನಿಮಿಷ ಬೇಕು, ಹಾಗಾಗಿ ಊಟ ಆದ ಕೂಡಲೇ ಬಿಲ್ಲೆಯ ಲೆಕ್ಕವನ್ನೂ ಬೆರಳು ಚುಚ್ಚಿದ ಲೆಕ್ಕವನ್ನೂ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ.

ನಾನು ಕೆಡಿಸಿಕೊಂಡಿದ್ದೇನೆ. ಒಂದು ರಾತ್ರಿ ಎರಡು ಗಂಟೆಗೆ ಫೋನ್ ಕಿರುಚಿತು, ಶುಗರ್ 58ಕ್ಕೆ ಇಳಿದಿದೆ ಅಂತ. ಓಡಿ ಹೋಗಿ ಅಪ್ಪನನ್ನು ಎಬ್ಬಿಸಿ ಸಕ್ಕರೆ ನೀರು ಕುಡಿಸಿಯೇಬಿಟ್ಟೆ, ಆಮೇಲೆ ನೆನಪಾಗಿ ಬೆರಳು ಚುಚ್ಚಿ ನೋಡಿದರೆ 124! ಕುಡಿದು ಒಂದೆರಡು ನಿಮಿಷವೂ ಆಗಿರಲಿಲ್ಲ. ಅಪ್ಪ ಅದೇ ತೋಳನ್ನು ಅಡಿಗೆ ಹಾಕಿ ಮಲಗಿದ್ದರು. ಒತ್ತಿದ ಜಾಗದಲ್ಲಿ ಹೀಗೆ ಸುಳ್ಳು ಇಳಿತ ತೋರಿಸುತ್ತದೆಯಂತೆ. ಅಪ್ಪ ಬೈದದ್ದು ಇಲ್ಲಿ ಬರೆಯುವ ಹಾಗಿಲ್ಲ.

ಆದರೂ ಹಾಕಿಸಿದ್ದು ದಂಡ ಅಲ್ಲ. ಕುಚ್ಚಲಕ್ಕಿ ಗಂಜಿ ಎಷ್ಟು ಉಂಡರೂ ಏನೂ ಆಗುವುದಿಲ್ಲ ಅಂತ ವಾದ ಮಾಡುತ್ತಿದ್ದವರು ಫೋನಿನಲ್ಲಿ ಗೆರೆ ಗುಡ್ಡ ಹತ್ತುವುದನ್ನು ನೋಡಿ, ಎರಡನೇ ಸೌಟಿಗೆ ಕೈ ಅಡ್ಡ ಹಿಡಿಯುತ್ತಾರೆ. ಉಂಡ ಮೇಲೆ ತೋಟಕ್ಕೊಂದು ಸುತ್ತು ಹೋದ ದಿನ ಏರಿಕೆ ಕಮ್ಮಿ, ಅದನ್ನೂ ಅವರೇ ಕಂಡುಹಿಡಿದರು. ನಮ್ಮ ಸೆಕೆಗೆ ಅಂಟು ಬೇಗ ಬಿಡುತ್ತದೆ, ಮೇಲಿನಿಂದ ಒಂದು ಟೇಪ್ ಹಾಕಿಸಿ.

ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಾರಾ, ಬರೀ ಮಾತ್ರೆಯಾ? ನೀವು ಬರೆದಿಲ್ಲ. ಮಾತ್ರೆ ಮಾತ್ರ ಅಂತಾದರೆ ಡಾಕ್ಟರ ಹತ್ತಿರ ಕೇಳಿ ಒಂದು ಸಲ 14 ದಿನಕ್ಕೆ ಹಾಕಿಸಿ ನೋಡಿ, ಆಮೇಲೆ ಗ್ಲೂಕೋಮೀಟರ್ ಸಾಕಾಗಬಹುದು.