ಮೊದಲು ಬಾಗಿಲಿನ ಸ್ಪೀಕರ್, ಸಬ್ ಆಮೇಲೆ

ಸಣ್ಣ ಪಿಕಪ್ ಗಾಡಿಗೆ ಮ್ಯೂಸಿಕ್ ಸಿಸ್ಟಂ ಹಾಕಿಸಬೇಕು, ಸೀಟಿನ ಹಿಂದೆ ಜಾಗವಿಲ್ಲ, ದುಡ್ಡೂ ಕಡಿಮೆ, ಮೊದಲು ಸಬ್‌ವೂಫರ್ (ಬೇಸ್ ಸದ್ದಿಗೆಂದೇ ಇರುವ ಸ್ಪೀಕರ್) ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ, ಬಾಗಿಲಿನ ಸ್ಪೀಕರ್‌ಗಳಿಂದ ಶುರು ಮಾಡಿ. ಕ್ಯಾಬಿನ್ ಚಿಕ್ಕದು ಅಲ್ವಾ, ಒಳ್ಳೆಯ ಒಂದು ಜೋಡಿ ಸಾಕು. ಆದರೆ ಹಾಕುವ ಮುಂಚೆ ಬಾಗಿಲಿನ ತಗಡನ್ನು ಬೆರಳಿಂದ ತಟ್ಟಿ ನೋಡಿ, ಖಾಲಿ ಡಬ್ಬದ ಹಾಗೆ ಟಣ್ ಅಂದರೆ ದುಬಾರಿ ಸ್ಪೀಕರ್ ಕೂಡ ಗಡಗಡ ಅನ್ನುತ್ತದೆ, ಅದಕ್ಕೇ ತಗಡಿನ ಅದುರಾಟ ತಡೆಯುವ ಡ್ಯಾಂಪಿಂಗ್ ಶೀಟ್ ಅಂಟಿಸಿ, ಸ್ಪೀಕರ್ ಸುತ್ತ ಸಂದಿ ಉಳಿಯದಂತೆ ಫೋಮ್ ಕೊಡಿ. ಮ್ಯಾಕ್ಸ್ ವಾಟ್ ನಂಬಬೇಡಿ, ಅದು ಸುಮ್ನೆ ಮಾರಾಟದ ಮಾತು, ಆರ್‌ಎಂಎಸ್ (ಸ್ಪೀಕರ್ ಸತತವಾಗಿ ತಾಳುವ ವಾಟ್) ನೋಡಿ. ದುಡ್ಡು ಕೂಡಿದ ಮೇಲೆ, ತನ್ನೊಳಗೇ ಆಂಪ್ಲಿಫೈಯರ್ ಇರುವ 8 ಇಂಚಿನ ತೆಳ್ಳನೆಯ ಸಬ್ ಸೀಟಿನಡಿಗೆ ಹಾಕಿಸಿ. ಅದರ ಪವರ್ ವೈರಿಗೆ ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಇರಲೇಬೇಕು, ವೈರ್ ಉಜ್ಜಿ ಬಾಡಿಗೆ ತಗುಲಿದರೆ ಬೆಂಕಿಯೇ ಹತ್ತಬಹುದು.